ತಾಯಿತದೊಳಗಿನ ತುಂಡು

ಅವ್ವಾ,

ನಿನಗೆ ಕನ್ನಡ ಮಾತಾಡಲು ಬರುತ್ತಿತ್ತು, ಓದಲು ಬರುತ್ತಿರಲಿಲ್ಲ. ನೀನು ಇದ್ದಿದ್ದರೂ ಇದನ್ನು ನಾನೇ ಓದಿ ಹೇಳಬೇಕಿತ್ತು.

ಇವತ್ತು ಬೆಳಿಗ್ಗೆ ಹೆರಿಗೆ ವಾರ್ಡಿಗೆ ಹೋಗಿದ್ದೆ. ಹೆರಿಗೆಯಾದ ಮೇಲೆ ಎಸೆಯುವ ಹೊಕ್ಕುಳಬಳ್ಳಿ ನಮ್ಮ ಲ್ಯಾಬಿಗೆ ಬೇಕು. ತಮಿಳುನಾಡಿನ ಧಾರಾಪುರದಿಂದ ಬಂದ, ನಮ್ಮಂತೆಯೇ ಕನ್ನಡ ಮನೆಮಾತಿನ ಬಸುರಿಯೊಬ್ಬಳು ಕೊಡಲು ಒಪ್ಪಿದಳು. ಅವಳ ತಾಯಿ ಸಾಮಿಯಾತಾಳ್ ಒಪ್ಪಲಿಲ್ಲ.

“ಅದನ್ನ ತಗೊಂಡೋಗಿ ಏನ್ ಮಾಡ್ತೀಯ, ಕಣ್ಣು?”

ನಿನ್ನ ಹಾಗೆಯೇ ಮುದ್ದಿನಿಂದ ‘ಕಣ್ಣು’ ಅಂದಳು. ನಾನು ಪಕ್ಕದಲ್ಲಿ ಕೂತು ಎಲ್ಲ ಹೇಳಿದೆ. ಬಳ್ಳಿಯ ರಕ್ತನಾಳದ ಒಳಗೋಡೆಯಿಂದ ಜೀವಕೋಶಗಳನ್ನು ತೆಗೆದು ಬೆಳೆಸುತ್ತೇವೆ. ತಟ್ಟೆಯಲ್ಲಿ ಸುಮ್ಮನೆ ಇಟ್ಟರೆ ಅವುಗಳ ಕೆಲವು ಜೀನ್‌ಗಳು ಮಂಕಾಗುತ್ತವೆ. ಮೇಲೆ ರಕ್ತದಂತೆ ದ್ರವ ಹರಿಸಿದರೆ ಕೆಲವೇ ಗಂಟೆಗಳಲ್ಲಿ ಮತ್ತೆ ಎಚ್ಚರಗೊಳ್ಳುತ್ತವೆ. ನೀನು ಇದನ್ನೇ ಕೇಳಿದಾಗಲೆಲ್ಲ, ನಿನಗೆ ಅರ್ಥವಾಗಲ್ಲ ಬಿಡು ಅನ್ನುತ್ತಿದ್ದೆ.

“ಎಲ್ಲಾ ನೀನೇ ತಗೊಂಡ್ರೆ ಮಗೀನ ತಾಯತ್ತಿಗೆ ಏನ್ ಹಾಕ್ಲಿ?”

ಮಗುವಿನ ಹೊಕ್ಕುಳಲ್ಲಿ ಉಳಿಯುವ ತುಂಡು ವಾರ ಹತ್ತು ದಿನದಲ್ಲಿ ಒಣಗಿ ಬೀಳುತ್ತದೆ, ಅದು ನಿಮಗೇ ಎಂದೆ. ಅವಳ ಮುಖ ಅರಳಿತು, ಒಪ್ಪಿದಳು.

ನನ್ನ ಹೊಕ್ಕುಳಬಳ್ಳಿಯ ತುಂಡಿದ್ದ ಬೆಳ್ಳಿ ತಾಯಿತವನ್ನು ಕಾಲೇಜಿಗೆ ಸೇರಿದ ವರ್ಷ ಸೊಂಟದಿಂದ ಬಿಚ್ಚಿ, ಅಸಹ್ಯ ಅಂತ ನಿನ್ನ ಮುಂದೆ ಎಸೆದಿದ್ದೆ. ನಿನಗೆ ಕೊನೆಯ ಸ್ನಾನ ಮಾಡಿಸುವಾಗ ಅದು ನಿನ್ನ ಕೊರಳಲ್ಲಿತ್ತು. ಬಿಚ್ಚಿಕೋ ಎಂದರು ಅತ್ತೆ. ನಾನು ಬಿಚ್ಚಲಿಲ್ಲ.

ಹೊರಡುವಾಗ ಸಾಮಿಯಾತಾಳ್ ಕೈ ಹಿಡಿದು ಕೇಳಿದಳು: “ನಿಂದು ಎಲ್ಲೈತೆ, ಕಣ್ಣು?”

“ಅವ್ವನ ಹತ್ರ ಐತೆ” ಅಂದೆ.

“ಹಂಗಾರೆ ಭದ್ರವಾಗೈತೆ, ಬಿಡು.”