ಇಳಿಯದ ಗಾಜು

೧೪ ಮಾರ್ಚ್ ೧೯೫೬, ಬುಧವಾರ

ಕೊರೆದ ಬಾಗಿಲು ಇನ್ನು ಮೊದಲಿನಂತಾಗುವುದಿಲ್ಲ. ಅವ್ವ ಹಾಡು ಕೇಳಲಿ ಎಂದು, ಅಪ್ಪ ಬಿಟ್ಟುಹೋದ ಹಳೇ ಕಾರಿನಲ್ಲಿ ಅವಳು ಕೂರುವ ಕಡೆಯ ಬಾಗಿಲಿಗೇ ರೇಡಿಯೋದ ಸ್ಪೀಕರ್ ಕೂರಿಸಿದೆ. ಗಾಜು ಏರಿಸಿಟ್ಟೇ ಅಳತೆ ಹಿಡಿದೆ. ಅದು ಇಳಿಯಲು ಒಳಗೆ ಜಾಗ ಬೇಕೆಂಬುದು ಹೊಳೆಯಲೇ ಇಲ್ಲ.

ಇವತ್ತು ಗುಂಡ್ಲುಪೇಟೆಯಿಂದ ಹಂಗಳದವರೆಗೂ ಅವ್ವ ತುಟಿ ಬಿಗಿದು ತಲೆಯಾಡಿಸುತ್ತಲೇ ಇದ್ದಳು. ಹಾಡಿಗೆ ತಲೆದೂಗುತ್ತಿದ್ದಾಳೆಂದು ನಾನು ಸದ್ದು ಏರಿಸಿದೆ. ಕಾರು ನಿಂತದ್ದೇ ಇಳಿದು, ಬಾಯಿ ತುಂಬಿದ್ದ ಎಲೆಅಡಿಕೆ ರಸವನ್ನು ಬೇಲಿಗೆ ಉಗಿದಳು.

"ಆಡು ಚೆಂದಾಗದೆ ಕಣಪ್ಪ. ಗಾಜೇ ಇಳೀನಿಲ್ಲ."

ಸ್ಪೀಕರ್ ಕಿತ್ತರೆ ತೂತು ಉಳಿಯುತ್ತದೆ, ಬಿಟ್ಟರೆ ಗಾಜು ಇಳಿಯುವುದಿಲ್ಲ. ಏನು ಮಾಡಲಿ?

ವಾಪಸು ಬರುವಾಗ ಅವ್ವ ಎಲೆಅಡಿಕೆಯ ಚೀಲವನ್ನೇ ಬಿಚ್ಚಲಿಲ್ಲ. ನಾನು ರೇಡಿಯೋ ಹಾಕದ್ದು ನೋಡಿ, ರೇಡಿಯಾ ಆಕಪ್ಪ ಎಂದು ಅವಳೇ ಹೇಳಿದಳು.