ಹೆಗಲ ಮೇಲಿನ ಟಿಕೀಟು

ಜನವರಿ 8, ಬೆಳಿಗ್ಗೆ 8

ಇವರ ನೋವಿನ ಪ್ಯಾಚ್ ಬದಲಿಸುವ ದಿನ. ಮೂರು ದಿನಕ್ಕೊಂದು. ಹಳೆಯದನ್ನು ಕಿತ್ತು ಮಡಚಿದೆ. ಹೊಸದನ್ನು ಇನ್ನೊಂದು ಹೆಗಲ ಹಿಂದೆ ಅಂಟಿಸಿ, ಮೇಲೆ ತಾರೀಖು, ವೇಳೆ ಬರೆದೆ. ಮೂವತ್ತೈದು ವರ್ಷ ಪೋಸ್ಟಿನಲ್ಲಿ ಅಂಚೆಚೀಟಿಗೆ ಮುದ್ರೆ ಹೊಡೆದ ಮನುಷ್ಯ, ಸುಮ್ಮನಿರುತ್ತಾರೆಯೇ?

"ಟಿಕೀಟು ಹಚ್ಚಿದ್ರಿ, ಸಿಕ್ಕಾನೂ ಹೊಡದ್ರಿ. ಎಲ್ಲಿಗೆ ಕಳಸ್ತೀರಿ ಅಕ್ಕೋರ?"

ಶಾಲೆಯಿಂದ ನಿವೃತ್ತಳಾಗಿ ಆರು ವರ್ಷ. ಗಂಡನ ಬಾಯಲ್ಲಿ ಇನ್ನೂ ಅಕ್ಕೋರೇ.

"ಎಲ್ಲಿಗೂ ಇಲ್ರಿ. ಈ ಪತ್ರ ಮನ್ಯಾಗ ಇರತೈತಿ."

ಕ್ಯಾನ್ಸರ್ ಬೆನ್ನೆಲುಬಿಗೆ ಇಳಿದ ಮೇಲೆ ಐದು ತಿಂಗಳು ಕೂತು ಉಂಡವರಲ್ಲ. ಇವತ್ತು ಚಕ್ಕಳಮಕ್ಕಳ ಹಾಕಿ ಕೂತು ತಾವೇ ಲಿಂಗಪೂಜೆ ಮಾಡಿಕೊಂಡರು. ಅಡುಗೆಮನೆಗೆ ಹೋಗಿ ಅತ್ತೆ. ಸಂತೋಷಕ್ಕೆ.

ಜನವರಿ 9

ಮನೆಗೆ ಬರುವ ನರ್ಸ್ ಶರೀಫಾಬಿ ಮತ್ತೆ ಪಾಠ ಹೇಳಿದಳು. ಔಷಧ ತೊಗಲಿನಿಂದ ನಿಧಾನ ಇಳಿಯಬೇಕು. "ಶಾಖಾ ತಾಗಿದ್ರ ಒಮ್ಮಿಗೇ ಇಳೀತೈತ್ರಿ ಅವ್ವಾರ. ನಿದ್ದಿ ಜಾಸ್ತಿ ಆತಂದ್ರ ನಿಮಿಷಕ್ಕ ಉಸರು ಎಷ್ಟ ಅಂತ ಎಣಸ್ರಿ. ಹತ್ತರ ಕೆಳಗ ಬಂದ್ರ ಫೋನ್ ಮಾಡ್ರಿ."

ಹೊಟ್ಟೆಯೂ ಕಟ್ಟುತ್ತದಂತೆ — ಅದಕ್ಕೊಂದು ಗುಳಿಗೆ. ಇವರು ಮಲಗಿದ್ದಾಗ ಎಣಿಸಿದೆ. ಹದಿನಾಲ್ಕು.

ಜನವರಿ 11

ಪ್ಯಾಚ್ ಬದಲಿಸಿದೆ. ಉಪ್ಪಿನಬೆಟಗೇರಿಯಿಂದ ಇವರ ಅಕ್ಕ ದೇವಕ್ಕ ಬಂದರು, ತಮ್ಮನಿಗೆ ಶೇಂಗಾ ಹೋಳಿಗೆ ಕಟ್ಟಿಕೊಂಡು.

"ಇದೇನವಾ ಬೆನ್ನ ಮ್ಯಾಗ?"

ಅಫೀಮಿನ ಜಾತಿಯ ಔಷಧ ಎಂದರೆ ಊರೆಲ್ಲ ಸುದ್ದಿ. "ನೋವಿನ ಪಟ್ಟಿ ಐತ್ರಿ ಅಕ್ಕಾ" ಅಂದೆ. ಸುಳ್ಳಲ್ಲ… ಖರೆಯೂ ಅಲ್ಲ.

ಜನವರಿ 15

ಆಸ್ಪತ್ರೆಯಿಂದ ಇವತ್ತು ಬಂದೆವು.

ಹನ್ನೆರಡರಂದು ಮಧ್ಯಾಹ್ನ ಕಾಯಿಪಲ್ಲೆ ತರಲು ಹೋಗಿದ್ದೆ. ತಿರುಗಿ ಬಂದರೆ ದೇವಕ್ಕ ಹಂಚಿನ ಮೇಲೆ ಉಪ್ಪು ಹುರಿದು, ಅರಿವೆಯಲ್ಲಿ ಗಂಟು ಕಟ್ಟಿ, ತಮ್ಮನ ಬೆನ್ನು ಕಾಸುತ್ತಿದ್ದಾರೆ. ಪ್ಯಾಚಿನ ಮೇಲೆಯೇ.

"ನೋಡವಾ, ಹೆಂಗ ಆರಾಮ ಮಲಗ್ಯಾನ."

ಎಣಿಸಿದೆ. ಆರು. ಕರೆದರೆ ಏಳಲಿಲ್ಲ. ಪ್ಯಾಚ್ ಕಿತ್ತೆ. ಶರೀಫಾಬಿಗೆ ಫೋನ್. ಆಂಬುಲೆನ್ಸ್. ದಾರಿಯುದ್ದಕ್ಕೂ ಗಲ್ಲ ತಟ್ಟಿ, ಉಸಿರು ತಗೊಳ್ರಿ, ತಗೊಳ್ರಿ ಎಂದು ಶಾಲೆಯ ಹುಡುಗರಿಗೆ ಗದರಿದಂತೆ ಗದರಿದೆ. ಅಲ್ಲಿ ಸೂಜಿ ಮಾಡಿದ ಮೇಲೆ ಕಣ್ಣು ತೆರೆದರು.

"ನನ್ನ ಕೈಯಿಂದ ಹಿಂಗಾತಲ್ಲೋ ತಮ್ಮಾ" — ದೇವಕ್ಕನ ಅಳು ನಿಲ್ಲಲೊಲ್ಲದು. ಅವರ ಕೈ ಅಲ್ಲ. ನನ್ನ ಬಾಯಿ. ಅಫೀಮು ಅನ್ನುವ ಒಂದು ಶಬ್ದ ಮುಚ್ಚಿಡಲು ಹೋಗಿ ಶಾಖದ ಮಾತನ್ನೂ ಹೇಳಲಿಲ್ಲ. ದೇವಕ್ಕನಿಗೆ ಎಲ್ಲ ಹೇಳಿದೆ. ನನ್ನ ತಲೆ ಸವರಿದರು. "ಮೊದಲ ಹೇಳೂದಲ್ಲೇನ, ಹುಚ್ಚಿ."

ಜನವರಿ 17, ಬೆಳಿಗ್ಗೆ 9

ಪ್ಯಾಚ್ ಇಲ್ಲದೆ ಬರೀ ನೋವಿನ ಗುಳಿಗೆ ಸಾಲುತ್ತಿಲ್ಲ. ನೋವು ಪೂರ್ತಿ ತಿರುಗಿ ಬಂದಿದೆ. ಗೋಡೆಗೆ ಮುಖ ಮಾಡಿ ಹಲ್ಲು ಕಚ್ಚಿದ್ದಾರೆ. ಪೂಜೆ ಮಲಗಿಕೊಂಡೇ. ಡಾಕ್ಟರು ಸಣ್ಣ ಪ್ಯಾಚ್ ಬರೆದುಕೊಟ್ಟಿದ್ದಾರೆ. ಹಚ್ಚಲು ಕೈ ಏಳುತ್ತಿಲ್ಲ.

"ಹೆದರಿಕಿ ಆಗತೈತ್ರಿ" ಅಂದೆ.

"ನನಗೂ. ಆದ್ರ ನಿನ್ನ ಎದುರು ಕೂತು ಒಂದಿನ ಉಣಬೇಕು ಅನಸತೈತಿ."

ಅಕ್ಕೋರ ಅನ್ನಲಿಲ್ಲ. ಹಚ್ಚಿದೆ.

ದೇವಕ್ಕ ಈಗ ಕಾವಲು. ಚಹಾದ ಕಪ್ಪು ಇವರ ಹತ್ತಿರ ಹೋದರೂ "ಶಾಖಾ! ಶಾಖಾ!"

ಜನವರಿ 18, ಮಧ್ಯಾಹ್ನ 1

ಮಲಗಿದ್ದಾಗ ಎಣಿಸುತ್ತಿದ್ದೆ. ಕಣ್ಣು ಮುಚ್ಚಿಕೊಂಡೇ ಕೇಳಿದರು, "ಎಷ್ಟ ಬಿತ್ತರಿ ಮಾರ್ಕ್ಸು?"

"ಹದಿಮೂರು."

"ಪಾಸೇನು?"

"ಪಾಸ್."

ಗೋಡೆ ಹಿಡಿದು ಎದ್ದರು. ನೆಲದ ಮೇಲೆ ಕೂತರು. ನಗುತ್ತಿದ್ದಾರೆ. ದೇವಕ್ಕ ಬಡಿಸಿದ ನನ್ನ ತಾಟು ಎಳೆದು ತಮ್ಮ ಎದುರಿಗೆ ಇಟ್ಟು ಕರೆಯುತ್ತಿದ್ದಾರೆ — "ಅಕ್ಕೋರ, ರೊಟ್ಟಿ ಆರಾಕತ್ತಾವು. ಬರಿಯೂದು ಸಾಕು, ಬಾ—"