ಗೋಡೆಯಿಲ್ಲದ ಬಾಗಿಲು

ಪ್ರೀತಿಯ ಅಣ್ಣನಿಗೆ,

ಪೇಟೆಬೀದಿಯ ನಡುವಿನಿಂದ ನೀನು ಕಿವಿ ಕೆಂಪಗೆ ಮಾಡಿಕೊಂಡು ಓಡಿಹೋಗಿ ಇಂದಿಗೆ ಒಂಬತ್ತು ದಿನ. ಫೋನ್ ಮಾಡಿದಾಗಲೆಲ್ಲ ಅತ್ತಿಗೆ, "ಮರ ಕೊಯ್ತಿದಾರೆ, ಕೇಳಿಸಲ್ವಂತೆ" ಅನ್ನುತ್ತಾರೆ. ಒಂಬತ್ತು ದಿನ ಕೊಯ್ಯುವಷ್ಟು ಮರ ನಿನ್ನ ಅಂಗಡಿಯಲ್ಲಿಲ್ಲ. ಅದಕ್ಕೇ ಈ ಕಾಗದ.

ಬಾಗಿಲು ಬೇಕೆಂದು ನಾನು ಬಂದ ದಿನ ನೀನು ಕೇಳಿದ್ದು, "ಗೋಡೆ ಎಷ್ಟು ಅಗಲ?"

"ಗೋಡೆ ಇಲ್ಲ ಅಣ್ಣ. ಬೀದಿ ಮಧ್ಯೆ ನಿಲ್ಲಿಸ್ತೀನಿ. ಯಾರು ತಟ್ಟಿದ್ರೂ ತೆಗೀತೀನಿ. ಯಾರಿಗೂ ಹೇಳದ ಒಂದು ಮಾತು ಅವರು ಹೇಳ್ಬೇಕು. ನಾನು ತುಟಿಪಿಟಕ್ಕೆನ್ನದೆ ಕೇಳ್ಬೇಕು."

"ಇದಕ್ಕೆ ಕಲೆ ಅಂತಾರಾ?"

"ಕೆಲವರು ಅಂತಾರೆ. ಉಳಿದವರು ನಿನ್ನ ಹಾಗೆ ನೋಡ್ತಾರೆ."

ಕೆಲಸವಿಲ್ಲದ ಬಡಗಿಯ ಗಾದೆಯನ್ನು ನೀನೇ ನಿನ್ನ ಮೇಲೆ ಹೇಳಿಕೊಂಡು ನಕ್ಕೆ. ಅದರ ಉಳಿದರ್ಧ ಕಾಗದದಲ್ಲಿ ಬರೆಯುವಂಥದ್ದಲ್ಲ. ಆದರೂ ವಾರದಲ್ಲಿ ಬಾಗಿಲು ಮಾಡಿಕೊಟ್ಟೆ. ಚೌಕಟ್ಟು, ಚಿಲಕ, ಎಲ್ಲ ನಿಜವಾದ ಮನೆಯದರಂತೆ.

ನಮ್ಮ ತಂಡವನ್ನು ನೀನು ನೋಡಿದ್ದೂ ಆಗಲೇ. ಮುಚ್ಚಿಹೋದ ಮುದ್ರಣಾಲಯದ ಹಿಂದಿನ ಕೋಣೆ ನಮ್ಮ ಅಡ್ಡೆ. ಗೋಡೆಯಲ್ಲಿ ಈಗಲೂ ಮಸಿಯ ವಾಸನೆ. ಸೈಕಲ್ ರಿಪೇರಿ ಮಾಡುವ 'ಮೌನಿ'ಗೆ ಆ ಹೆಸರು ಬಂದದ್ದು ಬಾಯಿ ಮುಚ್ಚದ ಕಾರಣಕ್ಕೆ. ನರ್ಸಮ್ಮ ಆಸ್ಪತ್ರೆಯ ಪಾಳಿ ಮುಗಿಸಿ ಬಂದು, ಇಡೀ ದಿನ ತಾನು ಎತ್ತಿ ಮಲಗಿಸಿದ ದೇಹಗಳ ಭಾರವನ್ನು ಬರಿಗೈಯಲ್ಲಿ ಆಡಿ ತೋರಿಸುತ್ತಾಳೆ. ನಿವೃತ್ತ ಟೈಪಿಸ್ಟ್ ತಾತ ಪಾದಚಾರಿಗಳ ಹೆಜ್ಜೆ ಸದ್ದನ್ನೇ ಟೈಪ್ ಮಾಡಿ ನಲವತ್ತು ಹಾಳೆ ತುಂಬಿಸಿದವರು. ನಾಲ್ವರಿಗೂ ಹುಚ್ಚು ಒಂದೇ, ಆಸ್ಪತ್ರೆ ಬೇರೆ ಬೇರೆ ಎಂದು ನೀನೇ ಹೇಳಿದೆಯಲ್ಲ!

ಬಾಗಿಲನ್ನು ಬೀದಿಯಲ್ಲಿ ನಿಲ್ಲಿಸಿದ ದಿನ ಮೊದಲ ಎರಡು ಗಂಟೆ ಒಬ್ಬರೂ ತಟ್ಟಲಿಲ್ಲ. ಜನ ಹೊಟ್ಟೆ ಹುಣ್ಣಾಗುವಂತೆ ನಕ್ಕು ಮುಂದೆ ಹೋದರು. ಒಂದು ನಾಯಿ ಮಾತ್ರ ಚೌಕಟ್ಟನ್ನು ಮೂಸಿ, ತನ್ನ ಅಭಿಪ್ರಾಯವನ್ನು ಬುಡದಲ್ಲೇ ತಿಳಿಸಿತು. ಇನ್ನು ಗಂಟುಮೂಟೆ ಕಟ್ಟುವುದೇ ಸರಿ ಎಂದುಕೊಳ್ಳುವಷ್ಟರಲ್ಲಿ ಮೇಲಿನ ತಿರುಪು ಸಡಿಲಾಗಿ ಬಾಗಿಲು ಒಂದು ಕಡೆಗೆ ವಾಲಿತು. ಆಗ ಔಷಧಿ ಅಂಗಡಿಯ ಮುಂದೆ, ಪೇಪರಿನ ಹಿಂದೆ ಮುಖ ಮುಚ್ಚಿಕೊಂಡಿದ್ದ ಒಬ್ಬ ಮನುಷ್ಯ ಎದ್ದು ಬಂದ. ನೀನು! "ಬರಲ್ಲ" ಎಂದವನು ಎರಡು ಗಂಟೆಯಿಂದ ಅಲ್ಲೇ ಕುಳಿತಿದ್ದೆ.

ತಿರುಪು ಬಿಗಿ ಮಾಡಿದೆ. ಗಟ್ಟಿಯಾಯಿತೋ ಎಂದು ಬೆರಳ ಗೆಣ್ಣಿನಿಂದ ಎರಡು ಸಲ ತಟ್ಟಿದೆ. ನಾನು ತೆಗೆದೆ.

"ತಟ್ಟಿದ್ಮೇಲೆ ಹೇಳ್ಲೇಬೇಕು ಬಡಗಿಯಣ್ಣ!" ಮೌನಿ ಕೂಗಿದ. ನೀನು ಅವನಿಗೆ ಬೈಯುತ್ತೀಯ ಎಂದುಕೊಂಡೆ. ನೀನು ನನ್ನನ್ನೇ ನೋಡಿದೆ.

"ಅಪ್ಪ ನಿನ್ನನ್ನ ಮನೆ ಬಿಟ್ಟು ಹೋಗು ಅಂದಾಗ ನಾನು ಅಲ್ಲೇ ಇದ್ದೆ. ಒಂದು ಮಾತು ಆಡ್ಬಹುದಿತ್ತು. ಆಡ್ಲಿಲ್ಲ. ಹನ್ನೊಂದು ವರ್ಷ ಆಯ್ತು, ಇಲ್ಲೇ ಸಿಕ್ಕಿಹಾಕ್ಕೊಂಡಿದೆ," ಎಂದು ಗಂಟಲು ಮುಟ್ಟಿಕೊಂಡೆ. ಆಮೇಲೆ ಓಟ.

ಮುಂದಾದದ್ದು ನಿನಗೆ ಗೊತ್ತಿಲ್ಲ. ನಗುತ್ತಿದ್ದವರೇ ಹತ್ತಿರ ಬಂದರು. ಮೊದಲು ಒಬ್ಬ ಬಸ್ ಕಂಡಕ್ಟರ್ ತಟ್ಟಿದ. ಆಮೇಲೆ ಸಾಲು ಔಷಧಿ ಅಂಗಡಿ ದಾಟಿತು. ಒಬ್ಬ ಅಜ್ಜಿ, "ಐವತ್ತು ವರ್ಷದಿಂದ ಇವರ ಹಾಡು ತಡ್ಕೊಂಡಿದೀನಿ" ಎಂದರು. 'ಇವರು' ಹಿಂದೆಯೇ ನಿಂತಿದ್ದರು. ನಗದಿರಲು ನಾನು ಪಟ್ಟ ಪಾಡು ನನಗೇ ಗೊತ್ತು. ಸಂಜೆಯವರೆಗೆ ಅರವತ್ತೊಂದು ಮಂದಿ, ಅಣ್ಣ!

ಅವರಿಗೆ ಯಾರಿಗೂ ನಾನು ಉತ್ತರಿಸುವ ಹಾಗಿರಲಿಲ್ಲ. ನಿನಗೆ ಮಾತ್ರ ಉತ್ತರಿಸುತ್ತೇನೆ. ಮನೆ ಬಿಟ್ಟ ದಿನ ನಿನ್ನ ಮೇಲೆ ಕೋಪ ಬಂದಿತ್ತು, ಸುಳ್ಳು ಹೇಳುವುದಿಲ್ಲ. ಆದರೆ ನನ್ನ ಟ್ರಂಕನ್ನು ಹೆಗಲ ಮೇಲೆ ಹೊತ್ತು ಬಸ್ ನಿಲ್ದಾಣದವರೆಗೂ ನಡೆದವನು ನೀನು. ಜನರನ್ನು ತಳ್ಳಿಕೊಂಡು ಹತ್ತಿ, ಕಿಟಕಿ ಪಕ್ಕದ ಸೀಟಿನಲ್ಲಿ ಕರವಸ್ತ್ರ ಹಾಕಿದವನೂ ನೀನು. ಬಸ್ಸು ಹೊರಡುವಾಗ ನನ್ನ ಕೋಪ ಕೆಳಗಿಳಿದು ನಿನ್ನ ಜೊತೆ ವಾಪಸು ನಡೆದುಹೋಯಿತು. ಅದನ್ನು ನೀನು ಇಷ್ಟು ವರ್ಷ ಅನ್ನ ಹಾಕಿ ಸಾಕುತ್ತಿದ್ದೀಯ ಎಂದು ನನಗೇನು ಗೊತ್ತು? ಇನ್ನಾದರೂ ಬಿಟ್ಟುಬಿಡು.

ಭಾನುವಾರ ಬಾಗಿಲು ಪಕ್ಕದ ಊರಿಗೆ ಹೋಗುತ್ತದೆ. "ಬಡಗಿಯಣ್ಣ ಇಲ್ದೆ ನಾನೂ ಬರಲ್ಲ" ಎಂದು ನರ್ಸಮ್ಮ ಹಟ ಹಿಡಿದಿದ್ದಾಳೆ. ಬೆಳಿಗ್ಗೆ ಏಳಕ್ಕೆ ಬಾ, ಅತ್ತಿಗೆಯನ್ನೂ ಕರೆತಾ. ಅಪ್ಪನ ಕಿವಿಗೂ ಒಂದು ಮಾತು ಹಾಕಿರು: ಅವರು ತಟ್ಟಿದರೂ ತೆಗೆಯುತ್ತೇನೆ.

ನಿನ್ನ ಕೈಗೆ ಎಂದೂ ಮರದ ಸಿಬಿರು ಚುಚ್ಚದಿರಲಿ, ಗಂಟಲು ಹಗುರಾಗಲಿ.

ನಿನ್ನ ತಂಗಿ